ಮಾತು ನಿಂತಲ್ಲಿ ತಂತಿ

ಗಿಟಾರಿನ ಆರನೆಯ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯದನ್ನು, ‘ಇ’ ಸ್ವರದಿಂದ ‘ಸಿ’ವರೆಗೆ ಇಳಿಸಬೇಕು. ಬಿರಡೆ ತಿರುಗಿಸಿದಂತೆಲ್ಲ ತಂತಿ ಸಡಿಲಗೊಂಡು ಬೆರಳಿಗೆ ಹಗ್ಗದ ಹಾಗೆ ತಾಗುತ್ತದೆ. ಐದನೆಯದನ್ನು ‘ಎ’ಯಿಂದ ‘ಜಿ’ಗೆ ಇಳಿಸಬೇಕು. ಉಳಿದ ನಾಲ್ಕಕ್ಕೆ ಕೈಹಚ್ಚಬೇಕಿಲ್ಲ. ಮೂರನೆಯ ಫ್ರೆಟ್‌ಗೆ ಕ್ಯಾಪೊ ಬಿಗಿದರೆ ಶ್ರುತಿ ಸಿದ್ಧ. ಇನ್ನು ಬಲಗೈ. ಹೆಬ್ಬೆರಳು, ತೋರುಬೆರಳಿನ ನಡುವೆ ಪಿಕ್. ದಪ್ಪ ತಂತಿಗಳ ಮಂದ್ರವನ್ನು ನಡೆಸುವುದು ಅದರ ಕೆಲಸ. ಅದೇ ಹೊತ್ತಿಗೆ ನಡುಬೆರಳೂ ಉಂಗುರಬೆರಳೂ ತೆಳು ತಂತಿಗಳ ಮೇಲೆ ಬೇರೆಯದೇ ಸಾಲೊಂದನ್ನು ಮೀಟುತ್ತಿರಬೇಕು.

ಇಷ್ಟು ಮಾಡಿಕೊಂಡು ಕೂತರೆ ‘1952 ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್’ ಎಂಬ ಹಾಡಿನ ಬಾಗಿಲು ತೆರೆಯುತ್ತದೆ. ಅದರ ಮೊದಲ ಕೆಲವು ಸಾಲುಗಳು ನನ್ನ ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ಒಂದು ಸಂಜೆಯೂ ದಂಡವಾಯಿತು ಎಂದು ನನಗೆ ಅನಿಸಿಲ್ಲ.

ಹಾಡು ರಿಚರ್ಡ್ ಥಾಂಪ್ಸನ್‌ನದು. ಬರೆದವನು ಅವನು, ಹಾಡಿದವನು ಅವನು, ನುಡಿಸಿದವನೂ ಅವನೇ. (ಹಾಡುಗಾರರನ್ನು ನಾವು ಪ್ರೀತಿಯಿಂದ ಏಕವಚನದಲ್ಲೇ ಕರೆಯುತ್ತೇವೆ, ಈ ಲೇಖನದಲ್ಲೂ ಹಾಗೇ ಇರಲಿ.) ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗೆಳೆಯನೊಬ್ಬ ತಂದುಕೊಟ್ಟ ಕ್ಯಾಸೆಟ್ಟಿನಲ್ಲಿ ನಾನು ಅದನ್ನು ಮೊದಲು ಕೇಳಿದ್ದು. ಅವನ ಅಣ್ಣ ಇಂಗ್ಲೆಂಡಿನಿಂದ ಬರುವಾಗ ತಂದ ಸಿ.ಡಿ.ಯಿಂದ ಇಳಿಸಿಕೊಂಡದ್ದು, ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ನುಡಿಸುತ್ತಿರುವವರು ಇಬ್ಬರು ಎಂದೇ ನಾನು ತಿಳಿದಿದ್ದೆ. ಒಬ್ಬನೇ ಎಂದು ಗೆಳೆಯ ಹೇಳಿದಾಗ ನಂಬಲಿಲ್ಲ. ರಾತ್ರಿ ಹತ್ತು ಗಂಟೆಗೆ ಕೂತವನು ಅದೊಂದೇ ಹಾಡನ್ನು ಹಿಂದಕ್ಕೆ ಸುತ್ತಿ ಸುತ್ತಿ ಕೇಳಿದೆ.

1991ರ ‘ರೂಮರ್ ಆ್ಯಂಡ್ ಸೈ’ ಆಲ್ಬಮ್ಮಿನ ಹಾಡು ಅದು. ಕಥೆ ಸರಳವಾಗಿದೆ. ಜೇಮ್ಸ್ ಎಂಬ ಇಪ್ಪತ್ತೊಂದರ ಹುಡುಗ, ಕಳ್ಳತನವೇ ಅವನ ಕಸುಬು. ಕೆಂಪು ಕೂದಲಿನ ಮಾಲಿ ಎಂಬ ಹುಡುಗಿ ಅವನ ಬೈಕನ್ನು ಮೆಚ್ಚುತ್ತಾಳೆ, ಅವನು ಅವಳನ್ನು ಮೆಚ್ಚುತ್ತಾನೆ. ಬಾಕ್ಸ್ ಹಿಲ್‌ವರೆಗೆ ಒಂದು ಸವಾರಿ. ಸರ್ರಿ ಸೀಮೆಯ ಆ ಗುಡ್ಡದಲ್ಲಿ ಇವತ್ತಿಗೂ ಭಾನುವಾರ ಬೈಕ್ ಸವಾರರು ನೆರೆಯುತ್ತಾರೆ. ಅವಳ ಬೆರಳಿಗೆ ಒಂದು ಉಂಗುರ ಬೀಳುತ್ತದೆ. ಆಮೇಲೆ ದರೋಡೆ, ಗುಂಡೇಟು, ಆಸ್ಪತ್ರೆ. ಸಾಯುವ ಮುನ್ನ ಜೇಮ್ಸ್ ಕಣ್ಣಿಗೆ ಬೀಳುವ ದೇವದೂತರೂ ಏರಿಯಲ್ ಬೈಕುಗಳನ್ನೇ ಏರಿ ಬಂದಿದ್ದಾರೆ. ಅವನು ಮಾಲಿಯ ಕೈಗೆ ಬೀಗದ ಕೈ ಇಟ್ಟು ಕಣ್ಣು ಮುಚ್ಚುತ್ತಾನೆ.

ನಮ್ಮ ಕಥನಗೀತೆಗಳನ್ನು ಕೇಳಿ ಬೆಳೆದವರಿಗೆ ಈ ದಾರಿ ಹೊಸದಲ್ಲ. ‘ಕೆರೆಗೆ ಹಾರ’ದಲ್ಲಿ ಭಾಗೀರಥಿಯ ಮನಸ್ಸಿನೊಳಗೆ ಏನಾಯಿತೆಂದು ಹಾಡುಗಾರ್ತಿ ಬಿಡಿಸಿ ಹೇಳುವುದಿಲ್ಲ. ಅವಳು ಯಾರ ಮನೆಗೆ ಹೋದಳು, ಯಾರು ಏನು ಕೇಳಿದರು, ಅವಳೇನು ಅಂದಳು ಎಂದಷ್ಟೇ ಹೇಳುತ್ತಾಳೆ. ದುಃಖ ಕೇಳುವವರ ಪಾಲಿಗೆ ಉಳಿಯುತ್ತದೆ. ಥಾಂಪ್ಸನ್ ಅದೇ ಕಟ್ಟಿನಲ್ಲಿ ಬರೆದ, ಆದರೆ ಕುದುರೆಯ ಜಾಗದಲ್ಲಿ ಮೋಟರ್‌ಸೈಕಲ್ಲನ್ನು ನಿಲ್ಲಿಸಿದ. ಸುಮ್ಮನೆ ಒಂದು ಬೈಕನ್ನಲ್ಲ. ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ ಸ್ಟೀವನೇಜ್ ಊರಿನ ಕಾರ್ಖಾನೆಯಲ್ಲಿ ಸುಮಾರು ಮೂವತ್ತರಷ್ಟು ಮಾತ್ರ ತಯಾರಾದ ಗಾಡಿ, 998 ಸಿ.ಸಿ. 1948ರಲ್ಲಿ ರೋಲಿ ಫ್ರೀ ಎಂಬಾತ ಅಮೆರಿಕದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಬರೀ ಈಜುಚಡ್ಡಿ ತೊಟ್ಟು, ಸೀಟಿನ ಮೇಲೆ ಬೋರಲು ಮಲಗಿ ಗಂಟೆಗೆ 150 ಮೈಲಿ ದಾಟಿಸಿದ್ದು ವಿನ್ಸೆಂಟ್ ಗಾಡಿಯನ್ನೇ. 1955ರಲ್ಲಿ ಕಂಪನಿ ಬೈಕು ಮಾಡುವುದನ್ನು ನಿಲ್ಲಿಸಿತು. 2018ರಲ್ಲಿ 1951ರ ಒಂದು ಬ್ಲ್ಯಾಕ್ ಲೈಟ್ನಿಂಗ್ ಲಾಸ್ ವೇಗಸ್ ಹರಾಜಿನಲ್ಲಿ 9,29,000 ಡಾಲರಿಗೆ ಹೋಯಿತು. ಕಳ್ಳನೊಬ್ಬ ತನ್ನ ಹುಡುಗಿಗೆ ಬಿಟ್ಟುಹೋದ ಆಸ್ತಿ ಅದು.

ನನಗೆ ಈ ಹಾಡು ಅಷ್ಟು ಬೇಗ ಹತ್ತಿರವಾಗಲು ಇನ್ನೊಂದು ಕಾರಣವಿತ್ತು. ಸೋದರಮಾವ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುವ ಕೆಲಸದಲ್ಲಿದ್ದರು. ಮನೆಯ ಮುಂದೆ ಅವರದೇ ಒಂದು ಹಳೆಯ ಜಾವಾ: ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಗೇರು. ಭಾನುವಾರ ಬೆಳಿಗ್ಗೆ ಅವರು ಅದರ ಕಾರ್ಬುರೇಟರ್ ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿಕೊಂಡು ಕೂರುತ್ತಿದ್ದ ಭಂಗಿ ಪೂಜೆಗೆ ಕೂತವರದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಾವ ಆ ದಿನದ ಬಗ್ಗೆ ಹೆಚ್ಚು ಮಾತಾಡಿದವರಲ್ಲ. ಗಾಡಿಯನ್ನು ಮಾತ್ರ ಕೊಡಲಿಲ್ಲ. ಯಂತ್ರದ ಮೇಲಿನ ಪ್ರೀತಿ ಮನುಷ್ಯರ ಮೇಲಿನ ಪ್ರೀತಿಗೆ ದಾರಿಯಾಗಬಲ್ಲದು ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇಂಥ ಹಾಡು ಕಟ್ಟಿದವನ ಹೆಸರು ಎಷ್ಟು ಜನಕ್ಕೆ ಗೊತ್ತು? ಸಂಗೀತ ಬರೆಯುವವರಿಗೆ ಗೊತ್ತು. ಗಿಟಾರ್ ನುಡಿಸುವವರಿಗೆ ಚೆನ್ನಾಗಿ ಗೊತ್ತು. ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ನೂರು ಗಿಟಾರ್ ವಾದಕರ ಪಟ್ಟಿ ಮಾಡಿದಾಗ ಅವನಿಗೆ 19ನೆಯ ಸ್ಥಾನ ಕೊಟ್ಟಿತು. 2011ರಲ್ಲಿ ‘ಟೈಮ್’ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ ‘ವಿನ್ಸೆಂಟ್’ ಇತ್ತು. ಅದೇ ವರ್ಷ ಬ್ರಿಟನ್ ಅವನಿಗೆ ಒ.ಬಿ.ಇ. ಗೌರವ ನೀಡಿತು. ಆದರೂ ಕ್ಲ್ಯಾಪ್ಟನ್ ಹೆಸರು ಹೇಳುವ ಹತ್ತು ಮಂದಿಯನ್ನು ನಿಲ್ಲಿಸಿ ಕೇಳಿದರೆ ಥಾಂಪ್ಸನ್ ಎಂದಾಗ ಎಂಟು ಮಂದಿ ಮುಖ ನೋಡುತ್ತಾರೆ. ಇದು ನನ್ನ ಮೂವತ್ತು ವರ್ಷಗಳ ಅನುಭವ. ಇದಕ್ಕೆ ಕಾರಣ ಹುಡುಕುತ್ತಾ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಗಿಟಾರ್ ಪ್ರಿಯರು ಹಾಡನ್ನು ಬದಿಗಿಟ್ಟು ಸೋಲೊ ಕೇಳುವವರು. ಹಾಡಿನ ಪ್ರಿಯರು ಸೋಲೊ ಬಂದಾಗ ಎದ್ದು ಕಾಫಿ ತರಲು ಹೋಗುವವರು. ಥಾಂಪ್ಸನ್‌ನ ಸಂಗೀತದಲ್ಲಿ ಹಾಗೆ ಬಿಡಿಸಿಕೊಳ್ಳಲು ಬರುವುದಿಲ್ಲ. ಹಾಡಿನೊಳಗಿನ ಮನುಷ್ಯ ಎಲ್ಲಿ ಮಾತು ಸಿಗದೆ ನಿಲ್ಲುತ್ತಾನೋ ಅಲ್ಲಿಂದ ಗಿಟಾರ್ ಹೊರಡುತ್ತದೆ. ಅರ್ಧ ಕೇಳಿದವರಿಗೆ ಅವನು ಅರ್ಧವೇ ಸಿಗುತ್ತಾನೆ.

ಇದು ಅವನ ಬದುಕಿನಿಂದಲೇ ಬಂದದ್ದು ಎಂದು ನನ್ನ ನಂಬಿಕೆ. 1949ರ ಏಪ್ರಿಲ್ 3ರಂದು ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಹುಟ್ಟಿದ ಥಾಂಪ್ಸನ್‌ಗೆ ಚಿಕ್ಕಂದಿನಿಂದ ಉಗ್ಗು. ಹಾಡುವಾಗ ಅದು ಇರುತ್ತಿರಲಿಲ್ಲ. ತಂದೆ ಸ್ಕಾಟ್ಲೆಂಡ್ ಮೂಲದವರು, ಲಂಡನ್ನಿನ ಪೊಲೀಸ್ ಅಧಿಕಾರಿ, ಹವ್ಯಾಸಕ್ಕೆ ಗಿಟಾರ್ ಹಿಡಿಯುತ್ತಿದ್ದವರು. ಮನೆಯ ರೆಕಾರ್ಡುಗಳಲ್ಲಿ ಜಾಂಗೊ ರೈನ್‌ಹಾರ್ಟ್‌ನ ಜಾಝ್ ಗಿಟಾರ್ ಇತ್ತು, ಜಿಮ್ಮಿ ಶ್ಯಾಂಡ್‌ನ ಅಕಾರ್ಡಿಯನ್ನಿನ ಸ್ಕಾಟಿಷ್ ಕುಣಿತದ ಮಟ್ಟುಗಳಿದ್ದವು. ಅವನ ಓರಗೆಯ ಇಂಗ್ಲಿಷ್ ಹುಡುಗರೆಲ್ಲ ಅಮೆರಿಕದ ಕರಿಯರ ಬ್ಲೂಸ್ ಕಲಿಯಲು ಮುಗಿಬಿದ್ದಿದ್ದ ಕಾಲ ಅದು. ಎಲ್ಲರೂ ಅದನ್ನೇ ನುಡಿಸುತ್ತಿದ್ದಾರಲ್ಲ, ನಾನೂ ಯಾಕೆ ಎಂದುಕೊಂಡ ಥಾಂಪ್ಸನ್ ಮನೆಯ ಕಪಾಟಿನ ಕಡೆ ತಿರುಗಿದ.

ಅವನ ಎಲೆಕ್ಟ್ರಿಕ್ ಗಿಟಾರ್ ಕೇಳಿದರೆ ಇದು ತಿಳಿಯುತ್ತದೆ. ನಮ್ಮ ಓಲಗದಲ್ಲಿ ಒಬ್ಬ ಶ್ರುತಿ ಹಿಡಿದು ನಿಂತಿರುತ್ತಾನೆ, ಅದರ ಮೇಲೆ ಇನ್ನೊಬ್ಬ ನುಡಿಸುತ್ತಾನೆ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪಿನಲ್ಲಿ ಆ ಶ್ರುತಿಯೂ ರಾಗವೂ ಒಂದೇ ಚೀಲದ ಗಾಳಿಯಿಂದ ಬರುತ್ತವೆ. ಥಾಂಪ್ಸನ್ ಅದನ್ನು ಆರು ತಂತಿಗೆ ತಂದ. ಒಂದು ತಂತಿ ಬಿಡದೆ ಮೊರೆಯುತ್ತಿರುತ್ತದೆ. ಪಕ್ಕದ ತಂತಿಯ ಮೇಲೆ ಸ್ವರಕ್ಕೆ ಸ್ವರ ತಾಗುವ ಮುನ್ನ ಪೈಪಿನವರ ಹಾಗೆ ಸಣ್ಣ ಸಣ್ಣ ಅನುಸ್ವರಗಳು ಚಿಮ್ಮುತ್ತವೆ. ತಂತಿಯನ್ನು ಎಳೆದು ಬಗ್ಗಿಸುವಾಗ ಸ್ವರ ನಾವು ಕಾಯುವ ಜಾಗಕ್ಕೆ ಹೋಗಿ ಕೂರುವುದಿಲ್ಲ. ಅದರ ಹೊಸ್ತಿಲಲ್ಲಿ ನಿಂತು ನಡುಗುತ್ತದೆ. ಗಮಕ ಕೇಳಿ ಪಳಗಿದ ಕಿವಿಗೆ ಇದು ತಕ್ಷಣ ಹಿಡಿಸುತ್ತದೆ. ಬ್ಲೂಸ್ ಮಾತ್ರ ಕೇಳಿ ಬೆಳೆದವರಿಗಿಂತ ನಮಗೆ ಬೇಗ ಹಿಡಿಸುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

1967ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಕಟ್ಟಿದ ತಂಡ ‘ಫೇರ್‌ಪೋರ್ಟ್ ಕನ್ವೆನ್ಷನ್’. ಮರುವರ್ಷ ಸ್ಯಾಂಡಿ ಡೆನಿ ಗಾಯಕಿಯಾಗಿ ಬಂದಳು. ‘ಎ ಸೇಲರ್ಸ್ ಲೈಫ್’ ಎಂಬ ಹಳೆಯ ಜನಪದ ಗೀತೆಯನ್ನು ಅವರು ಒಂದೇ ಸಲಕ್ಕೆ, ಹನ್ನೊಂದು ನಿಮಿಷ ನುಡಿಸಿ ಧ್ವನಿಮುದ್ರಿಸಿದರು. ಸ್ಯಾಂಡಿಯ ಹಾಡು ಮುಗಿದ ಮೇಲೆ ಡೇವ್ ಸ್ವಾರ್‌ಬ್ರಿಕ್‌ನ ಪಿಟೀಲು ಮತ್ತು ಥಾಂಪ್ಸನ್‌ನ ಗಿಟಾರ್ ಒಂದನ್ನೊಂದು ಕೆಣಕುತ್ತಾ, ತಬ್ಬುತ್ತಾ ಸಮುದ್ರಕ್ಕೆ ಇಳಿಯುತ್ತವೆ. ಇಪ್ಪತ್ತು ತುಂಬದ ಹುಡುಗನ ಕೈ ಅದು.

ಆ ಧ್ವನಿಮುದ್ರಿಕೆ ಅಂಗಡಿಗೆ ಬರುವ ಮುಂಚೆಯೇ ಎಲ್ಲ ಒಡೆದುಹೋಯಿತು. 1969ರ ಮೇ 12ರ ನಸುಕು. ಬರ್ಮಿಂಗ್‌ಹ್ಯಾಮಿನ ‘ಮದರ್ಸ್’ ಕ್ಲಬ್ಬಿನಲ್ಲಿ ಕಾರ್ಯಕ್ರಮ ಮುಗಿಸಿ ಲಂಡನ್ನಿಗೆ ಮರಳುತ್ತಿದ್ದ ವ್ಯಾನು ಎಂ-1 ಹೆದ್ದಾರಿಯಲ್ಲಿ ಉರುಳಿತು. ಡ್ರಮ್ ನುಡಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಅವನಿಗೆ ಹತ್ತೊಂಬತ್ತು ವರ್ಷ. ಥಾಂಪ್ಸನ್‌ನ ಗೆಳತಿ, ವಸ್ತ್ರವಿನ್ಯಾಸಕಿ ಜೀನಿ ಫ್ರಾಂಕ್ಲಿನ್ ಕೂಡ ಹೋದಳು. ಜ್ಯಾಕ್ ಬ್ರೂಸ್ ತನ್ನ ಆಲ್ಬಮ್ಮಿಗೆ ‘ಸಾಂಗ್ಸ್ ಫಾರ್ ಎ ಟೈಲರ್’ ಎಂದು ಹೆಸರಿಟ್ಟದ್ದು ಅವಳ ನೆನಪಿಗೆ. ಥಾಂಪ್ಸನ್‌ಗೆ ಆಗ ಇಪ್ಪತ್ತು.

ಉಳಿದವರು ಹ್ಯಾಂಪ್‌ಶೈರಿನ ಫಾರ್ಲೀ ಚೇಂಬರ್ಲೇನ್ ಎಂಬ ಹಳ್ಳಿಯ ಒಂದು ಮನೆಯಲ್ಲಿ ಬೇಸಿಗೆ ಕಳೆದರು. ಹಳೆಯ ಹಾಡುಗಳನ್ನು ಮತ್ತೆ ನುಡಿಸಲು ಯಾರಿಗೂ ಮನಸ್ಸಿರಲಿಲ್ಲ; ನುಡಿಸಿದರೆ ಮಾರ್ಟಿನ್ ನೆನಪಾಗುತ್ತಿದ್ದ. ಹಾಗಾಗಿ ಅವರು ಶತಮಾನಗಳ ಹಿಂದಿನ ಲಾವಣಿಗಳ ಕಡೆ ಹೋದರು. ಫ್ರಾನ್ಸಿಸ್ ಚೈಲ್ಡ್ ಎಂಬ ವಿದ್ವಾಂಸ ಹತ್ತೊಂಬತ್ತನೆಯ ಶತಮಾನದಲ್ಲಿ ಕಲೆಹಾಕಿದ 305 ಇಂಗ್ಲಿಷ್-ಸ್ಕಾಟಿಷ್ ಕಥನಗೀತೆಗಳಲ್ಲಿ ‘ಟ್ಯಾಮ್ ಲಿನ್’, ‘ಮ್ಯಾಟಿ ಗ್ರೋವ್ಸ್’ ಕೂಡ ಇವೆ. ಅವುಗಳನ್ನು ಡ್ರಮ್, ಬೇಸ್, ಎಲೆಕ್ಟ್ರಿಕ್ ಗಿಟಾರಿಗೆ ಕೂರಿಸಿದರು. ವರ್ಷದ ಕೊನೆಗೆ ಬಂದ ‘ಲೀಜ್ ಆ್ಯಂಡ್ ಲೀಫ್’ ಇಂಗ್ಲಿಷ್ ಫೋಕ್-ರಾಕ್‌ನ ಮೂಲಗ್ರಂಥ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದರಲ್ಲಿ ಕೇಳುವುದು ಬೇರೆ: ಸ್ವಂತ ದುಃಖದ ಬಗ್ಗೆ ಬಾಯಿ ಬಿಡಲಾಗದ ಐದಾರು ಹುಡುಗರು ಸತ್ತವರ, ಕೊಂದವರ, ಮಾಯವಾದವರ ಹಳೆಯ ಕಥೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು.

1971ರ ಜನವರಿಯಲ್ಲಿ ಥಾಂಪ್ಸನ್ ತಂಡ ಬಿಟ್ಟ. ಮರುವರ್ಷದ ಮೊದಲ ಸ್ವತಂತ್ರ ಆಲ್ಬಮ್ ‘ಹೆನ್ರಿ ದ ಹ್ಯೂಮನ್ ಫ್ಲೈ’ ಅದನ್ನು ಹೊರತಂದ ಕಂಪನಿಯ ಅತಿ ಕಡಿಮೆ ಮಾರಾಟದ ರೆಕಾರ್ಡು ಎಂಬ ಮಾತಿದೆ. ಅದೇ ವರ್ಷ ಗಾಯಕಿ ಲಿಂಡಾ ಪೀಟರ್ಸ್ ಜೊತೆ ಮದುವೆ. ಇಬ್ಬರೂ ಸೇರಿ ಮಾಡಿದ ‘ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್’ 1973ರಲ್ಲೇ ಸಿದ್ಧವಾಗಿತ್ತು. ತೈಲ ಬಿಕ್ಕಟ್ಟಿನಿಂದ ರೆಕಾರ್ಡಿಗೆ ಬೇಕಾದ ವಿನೈಲ್ ಸಿಗದೆ 1974ರ ಏಪ್ರಿಲ್‌ವರೆಗೆ ಕೂತಿತು. ಅದರ ‘ದಿ ಎಂಡ್ ಆಫ್ ದ ರೇನ್‌ಬೋ’ ಎಂಬ ಹಾಡು ತೊಟ್ಟಿಲ ಮಗುವಿಗೆ ಹೇಳುವ ಜೋಗುಳದಂತಿದೆ, ಆದರೆ ಮುಂದೆ ನಿನಗೆ ಏನೂ ಕಾದಿಲ್ಲ ಎನ್ನುವ ಜೋಗುಳ. ಮಗುವಿಗೆ ಯಾರಾದರೂ ಹಾಗೆ ಹಾಡುತ್ತಾರೆಯೇ ಎಂದು ಮೊದಲು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಮನೆಯಲ್ಲಿ ಮಗು ಬಂದ ಮೇಲೆ, ಅದಕ್ಕೆ ಜ್ವರ ಬಂದ ಒಂದು ರಾತ್ರಿ ಅರ್ಥವಾಯಿತು. ಅದು ಮಗುವಿಗೆ ಹೇಳಿದ ಮಾತಲ್ಲ, ತಂದೆಯ ಒಳಗಿನ ಭಯ.

ಅದೇ ಆಲ್ಬಮ್ಮಿನ ‘ದ ಕ್ಯಾಲ್ವರಿ ಕ್ರಾಸ್’ ಸ್ಟುಡಿಯೊದಲ್ಲಿ ಚಿಕ್ಕದು. ವೇದಿಕೆಯ ಮೇಲೆ ಅದು ಹದಿಮೂರು ನಿಮಿಷ ದಾಟಿದ್ದೂ ಇದೆ. 1976ರ ಸಂಗ್ರಹದಲ್ಲಿ ಆ ರೂಪ ಸಿಗುತ್ತದೆ. ಮೂರೇ ಮೂರು ಕಾರ್ಡುಗಳು ತಿರುಗಣಿಯಂತೆ ಸುತ್ತುತ್ತವೆ. ಗಿಟಾರ್ ಅವಸರಪಡುವುದಿಲ್ಲ. ಆಲಾಪದವರ ಹಾಗೆ ಒಂದೇ ಸ್ವರದ ಸುತ್ತ ಹೆಜ್ಜೆ ಹಾಕಿ, ಹಿಂದೆ ಸರಿದು, ಮತ್ತೆ ಬಂದು, ಹತ್ತನೆಯ ನಿಮಿಷದ ಹೊತ್ತಿಗೆ ಕೂಗತೊಡಗುತ್ತದೆ. ಥಾಂಪ್ಸನ್‌ನನ್ನು ಕೇಳದವರಿಗೆ ನಾನು ಮೊದಲು ಇದನ್ನು ಕೇಳಿಸುವುದಿಲ್ಲ. ಇದಕ್ಕೆ ತಯಾರಿ ಬೇಕು.

1974ರ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ಸೂಫಿ ಮಾರ್ಗ ಹಿಡಿದು ಇಸ್ಲಾಂ ಸ್ವೀಕರಿಸಿದ್ದರು. 1975ರ ‘ಪೋರ್ ಡೌನ್ ಲೈಕ್ ಸಿಲ್ವರ್’ ಹೊದಿಕೆಯ ಮೇಲೆ ಅವನ ತಲೆಗೆ ಪೇಟ. ಅದರ ಕೊನೆಯಲ್ಲಿ ಲಿಂಡಾ ಹಾಡುವ ‘ಡಿಮ್ಮಿಂಗ್ ಆಫ್ ದ ಡೇ’ ಇದೆ. ಪ್ರೀತಿಸಿದವರಿಗೆ ಹೇಳಿದ್ದೋ ದೇವರಿಗೆ ಹೇಳಿದ್ದೋ ಬೇರ್ಪಡಿಸಲಾಗದ ಹಾಡು. ವಚನ, ಕೀರ್ತನೆ ಓದಿದವರಿಗೆ ಈ ಬೆರಕೆ ಗೊತ್ತಿರುವುದೇ. ಹಾಡು ಮುಗಿಯುತ್ತಿದ್ದಂತೆ ನಿಲ್ಲದೆ ಒಂಟಿ ಅಕೌಸ್ಟಿಕ್ ಗಿಟಾರಿನಲ್ಲಿ ‘ದರ್ಗೈ’ ಶುರುವಾಗುತ್ತದೆ. ಸ್ಕಾಟ್ಲೆಂಡಿನ ಪಿಟೀಲುಗಾರ ಜೇಮ್ಸ್ ಸ್ಕಾಟ್ ಸ್ಕಿನ್ನರ್ ಕಟ್ಟಿದ ಮಟ್ಟು ಅದು. ದರ್ಗೈ ನಮ್ಮ ಉಪಖಂಡದ ಊರು, ವಾಯವ್ಯ ಗಡಿಯ ಬೆಟ್ಟ. 1897ರ ಅಕ್ಟೋಬರ್ 20ರಂದು ಅಲ್ಲಿನ ಯುದ್ಧದಲ್ಲಿ ಜಾರ್ಜ್ ಫಿಂಡ್ಲೇಟರ್ ಎಂಬ ಪೈಪು ವಾದಕ ಕಾಲಿಗೆ ಗುಂಡು ಬಿದ್ದರೂ ನುಡಿಸುವುದನ್ನು ಬಿಡಲಿಲ್ಲ. ವಿಕ್ಟೋರಿಯಾ ಕ್ರಾಸ್ ಪಡೆದ. ವಸಾಹತು ಸೇನೆಯ ಪರಾಕ್ರಮದ ಮಟ್ಟು ಥಾಂಪ್ಸನ್‌ನ ಕೈಯಲ್ಲಿ ಶೋಕವಾಗಿದೆ. ಯಾರಿಗಾಗಿ ಶೋಕ ಎಂದು ಗಿಟಾರ್ ಹೇಳುವುದಿಲ್ಲ. ಬೆಟ್ಟದ ಮೇಲಿದ್ದ ಅಫ್ರೀದಿಗಳಿಗೂ ಅದರಲ್ಲಿ ಪಾಲಿದೆ ಎಂದುಕೊಂಡೇ ನಾನು ಕೇಳುತ್ತೇನೆ.

ಇನ್ನು ‘ಶೂಟ್ ಔಟ್ ದ ಲೈಟ್ಸ್’. 1982ರದು, ಜೋ ಬಾಯ್ಡ್ ನಿರ್ಮಾಣದ್ದು, ಕೆಲವೇ ದಿನಗಳಲ್ಲಿ ಮುಗಿಸಿದ್ದು. ಹೊದಿಕೆಯಲ್ಲಿ ಖಾಲಿ ಕೋಣೆಯ ನೆಲಕ್ಕೆ ಕೂತ ರಿಚರ್ಡ್. ಲಿಂಡಾ ಗೋಡೆಯ ಮೇಲಿನ ಫೋಟೊದಲ್ಲಿ. ಆಲ್ಬಮ್ ಹೊರಬರುವ ಹೊತ್ತಿಗೆ ಸಂಸಾರ ಮುರಿದಿತ್ತು. ಹಾಡುಗಳನ್ನು ಬರೆದದ್ದು ಮಾತ್ರ ಅದಕ್ಕೂ ಮುಂಚೆ. ಬಾಯಿಗೆ ಗೊತ್ತಿರದದ್ದು ಹಾಡಿಗೆ ಮೊದಲೇ ಗೊತ್ತಿತ್ತು.

‘ವಾಕಿಂಗ್ ಆನ್ ಎ ವೈರ್’ ಕೇಳಬೇಕು. ತಂತಿಯ ಮೇಲೆ ನಡೆದು ನಡೆದು ದಣಿದ ಹೆಂಗಸಿನ ಮಾತು ಅದು. ಬರೆದವನು ಗಂಡ. ಹೆಂಡತಿ ತನ್ನ ಬಗ್ಗೆ ಹೇಳಬಹುದಾದ ದೂರನ್ನೆಲ್ಲ ತಾನೇ ಬರೆದು ಅವಳ ಕೈಗೆ ಕೊಟ್ಟಿದ್ದಾನೆ. ಅವಳು ಎಲ್ಲೂ ಕಿರುಚದೆ, ಗೋಳಾಡದೆ, ನೆಟ್ಟಗೆ ನಿಂತು ಹಾಡಿದ್ದಾಳೆ. ಅವಳ ಸಾಲು ಮುಗಿದಾಗ ಅವನು ಉತ್ತರ ಕೊಡಬೇಕಲ್ಲ? ಕೊಡುವುದು ಗಿಟಾರಿನಲ್ಲಿ. ಆ ಸೋಲೊದಲ್ಲಿ ಸಮರ್ಥನೆ ಇಲ್ಲ, ಕ್ಷಮೆ ಕೇಳುವುದೂ ಇಲ್ಲ. ಸ್ವರ ಮೇಲಕ್ಕೆ ಹತ್ತಲು ಹೋಗಿ ಹೋಗಿ ಅದೇ ಜಾಗಕ್ಕೆ ಕುಸಿಯುತ್ತದೆ, ಮತ್ತೆ ಹತ್ತುತ್ತದೆ. ಉಗ್ಗುವವನು ಒಂದೇ ಅಕ್ಷರಕ್ಕೆ ಮರಳಿ ಮರಳಿ ಬರುವ ಹಾಗೆ ನನಗದು ಕೇಳಿಸುತ್ತದೆ. ಇಂಥದ್ದನ್ನು ‘ಗಿಟಾರ್ ಸೋಲೊ’ ಎಂದು ಬಿಡಿಸಿ ತೆಗೆದು ಅಂಕ ಹಾಕುವುದು ಹೇಗೆ? ಆ ವರ್ಷದ ಬೇಸಿಗೆಯಲ್ಲಿ, ಬೇರೆಯಾದ ಮೇಲೂ, ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ಅಮೆರಿಕದ ಊರೂರಿನಲ್ಲಿ ಈ ಹಾಡುಗಳನ್ನು ಹಾಡಿದರು. ನೋಡಿದವರು ಅದನ್ನು ಇವತ್ತಿಗೂ ಮರೆತಿಲ್ಲ.

ಲಿಂಡಾಳಿಗೆ ಗಂಟಲಿನ ಸ್ನಾಯುಗಳು ಹಿಡಿದುಕೊಳ್ಳುವ ಕಾಯಿಲೆ. ಧ್ವನಿ ಬರುತ್ತಿತ್ತು, ಹೋಗುತ್ತಿತ್ತು, ಕೊನೆಗೆ ಹಾಡಲಾಗದಷ್ಟಾಯಿತು. 2024ರಲ್ಲಿ ಅವಳು ‘ಪ್ರಾಕ್ಸಿ ಮ್ಯೂಸಿಕ್’ ಆಲ್ಬಮ್ ತಂದಳು: ಹಾಡುಗಳು ಅವಳವು, ದನಿಗಳು ಬೇರೆಯವರವು, ತನ್ನ ಮಕ್ಕಳದ್ದೂ ಸೇರಿ. ಅದೇ ವರ್ಷ ರಿಚರ್ಡ್‌ನ ‘ಶಿಪ್ ಟು ಶೋರ್’ ಕೂಡ ಬಂತು. ಎರಡನ್ನೂ ಒಂದೇ ವಾರ ಕೇಳಿದೆ. ಅವಳದನ್ನು ಎರಡನೆಯ ಸಲ ಹಾಕಲು ಸ್ವಲ್ಪ ದಿನ ಬೇಕಾಯಿತು.

ಅವನ ಮಿಕ್ಕ ಹಾದಿಯ ಬಗ್ಗೆ ಬರೆಯುತ್ತಾ ಹೋದರೆ ಪುರವಣಿ ಸಾಲದು. ನಿಕ್ ಡ್ರೇಕ್‌ನ ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಮೆಲ್ಲಗೆ ನುಸುಳುವ ಎಲೆಕ್ಟ್ರಿಕ್ ಗಿಟಾರ್ ಅವನದು; ಅಲ್ಲಿ ಅವನು ಎಷ್ಟು ನುಡಿಸಿದ ಎನ್ನುವುದಕ್ಕಿಂತ ಎಷ್ಟು ನುಡಿಸದೆ ಬಿಟ್ಟ ಎಂದು ಗಮನಿಸಿ. ಸಹಸ್ರಮಾನ ಮುಗಿಯುವಾಗ ಅಮೆರಿಕದ ಪತ್ರಿಕೆಯೊಂದು ‘ಸಾವಿರ ವರ್ಷದ ಅತ್ಯುತ್ತಮ ಹಾಡುಗಳು’ ಯಾವುವೆಂದು ಕೇಳಿತು. ಎಲ್ಲರೂ ಕಳೆದ ಐವತ್ತು ವರ್ಷದ ಹಾಡುಗಳನ್ನೇ ಹೇಳುತ್ತಾರೆ ಎಂಬುದು ಅದರ ನಿರೀಕ್ಷೆ. ಇವನು ಸಾವಿರ ವರ್ಷವನ್ನು ಸಾವಿರ ವರ್ಷವೆಂದೇ ತಿಳಿದು ಮಧ್ಯಯುಗದಿಂದ ಪಟ್ಟಿ ಮಾಡಿ ಕಳಿಸಿದ. ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ. ಅವನು ಅದನ್ನೇ ಕಛೇರಿಯಾಗಿಸಿದ: ಹದಿಮೂರನೆಯ ಶತಮಾನದ ಹಾಡಿನಿಂದ ಬ್ರಿಟ್ನಿ ಸ್ಪಿಯರ್ಸ್‌ವರೆಗೆ, ಎಲ್ಲಕ್ಕೂ ಒಂದೇ ಗೌರವ. ಬಾನಿ ರೈಟ್ ಅವನ ಹಾಡು ಹಾಡಿದಳು, ಆರ್.ಇ.ಎಂ. ತಂಡ ಹಾಡಿತು. ಅಮೆರಿಕದ ಬ್ಲೂಗ್ರಾಸ್ ಹಿರಿಯ ಡೆಲ್ ಮೆಕೌರಿ 2001ರಲ್ಲಿ ‘ವಿನ್ಸೆಂಟ್’ ಹಾಡಿದಾಗ ಬಾಕ್ಸ್ ಹಿಲ್ ಹೋಗಿ ಟೆನೆಸಿಯ ನಾಕ್ಸ್‌ವಿಲ್ ಬಂತು. ಲಾವಣಿ ಊರಿಂದೂರಿಗೆ ಹೋಗುವಾಗ ಊರ ಹೆಸರು ಬದಲಾಗುವುದು ಎಲ್ಲ ಕಡೆಯ ಪದ್ಧತಿ. ಬರೆದವನು ಬದುಕಿರುವಾಗಲೇ ಅವನ ಹಾಡಿಗೆ ಆ ಭಾಗ್ಯ ಬಂತು.

ಹೋದ ವರ್ಷ ಮಾವನ ಮನೆಗೆ ಗಿಟಾರ್ ತೆಗೆದುಕೊಂಡು ಹೋಗಿದ್ದೆ. ಅವರಿಗೀಗ ಎಂಬತ್ತರ ಹತ್ತಿರ. ಜಾವಾ ಇನ್ನೂ ಜಗಲಿಯ ಪಕ್ಕದಲ್ಲೇ ಇದೆ, ಮೇಲೆ ಹಳೆಯ ಬೆಡ್‌ಶೀಟು ಹೊದ್ದು. ಒಂದು ಮೋಟರ್‌ಸೈಕಲ್ಲಿನ ಹಾಡಿದೆ ಮಾವ, ಕೇಳ್ತೀರಾ ಅಂದೆ. ಅವರಿಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ನಾನು ಕಥೆಯನ್ನೂ ಮೊದಲೇ ಹೇಳಲಿಲ್ಲ. ನನ್ನ ಕೈ ಪೂರ್ತಿ ಹಾಡಿಗೆ ಏಗುವುದಿಲ್ಲ, ಹಾಗಾಗಿ ಶುರುವಿನ ಸಾಲುಗಳನ್ನಷ್ಟೇ ನುಡಿಸಿ ತೋರಿಸಿ, ಆಮೇಲೆ ಮೊಬೈಲಿನಲ್ಲಿ ಥಾಂಪ್ಸನ್‌ನದನ್ನೇ ಹಾಕಿದೆ. ಮಾವ ಕಣ್ಣು ಮುಚ್ಚಿ ಕೇಳಿದರು.

“ಇವ್ರು ಇಬ್ಬರು ಬಾರಿಸ್ತಿದಾರಲ್ವಾ?” ಅಂದರು.

“ಒಬ್ರೇ ಮಾವ.”

ಅವರು ಮತ್ತೇನೂ ಅನ್ನಲಿಲ್ಲ. ಜೇಮ್ಸ್ ಬೀಗದ ಕೈ ಕೊಟ್ಟ, ಸತ್ತ. ಮಾತು ಮುಗಿಯಿತು. ಗಿಟಾರ್ ಮಾತ್ರ ಹೊರಟಿತ್ತು, ಮಂದ್ರ ಒಂದೇ ಸಮನೆ ಓಡುತ್ತಾ, ತೆಳು ತಂತಿಗಳು ಅದರ ಮೇಲೆ ಗಾಳಿಯಂತೆ. ಮಾವನ ಎಡ ಪಾದ ನೆಲದ ಮೇಲೆ ಸ್ವಲ್ಪ ಮೇಲೆದ್ದು ಕೆಳಗೆ ಬಿತ್ತು, ಗೇರು ಹಾಕುವವರ ಹಾಗೆ.

“ಯಾರೋ ಗಾಡಿ ತಗೊಂಡು ಹೊರಟ್ರು ನೋಡು,” ಅಂದರು.